ಇವತ್ತು ತೀರ್ಪು, ನಾಳೆ ವಾದ

ಹೆಣದಣ್ಣ ಎಂದರೆ ಸಿನಿಮಾದವರಿಗೆಲ್ಲ ಗೊತ್ತು. ಗುಂಡು ತಗುಲಿ, ನೀರಲ್ಲಿ ತೇಲಿ, ಬಿಳಿ ಬಟ್ಟೆ ಹೊದ್ದು ಮಲಗಿಯೇ ಅವನ ಅರ್ಧ ಆಯಸ್ಸು ಸವೆದಿತ್ತು. ಅಂಥವನಿಗೆ ಈ ಸಲ ಉಸಿರಾಡುವ ಪಾತ್ರ ಒಲಿದು ಬಂದಿತ್ತು: ಕೊಲೆ ಆರೋಪಿ. ಮುಂದೆ ಜೈಲಿನ ಸೀನುಗಳಲ್ಲಿ ಮಾತೂ ಇತ್ತು. "ನಮ್ಮನೆಯವರು ಈ ಸಲ ಕಣ್ಣು ಬಿಡ್ತಾರೆ" ಎಂದು ಅವನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಬಣ್ಣ ಇನ್ನೂ ಆರದ ಪ್ಲೈವುಡ್ ಕಟಕಟೆಯೊಳಗೆ ಅವನು ಅಂಗಿ ತಾಗದಂತೆ ನಿಂತಿದ್ದ. ಎದುರಿನ ಎತ್ತರದ ಕುರ್ಚಿಯಲ್ಲಿ ಜಡ್ಜಪ್ಪ. ಜೀವಮಾನವಿಡೀ ಜಡ್ಜ್ ಪಾತ್ರವನ್ನೇ ಮಾಡಿ ಮಾಡಿ, ಮನೆಯಲ್ಲಿ ಮೊಮ್ಮಕ್ಕಳ ಜಗಳಕ್ಕೂ ಮುಂದಿನ ತಾರೀಖು ಕೊಡುವ ಹಿರಿಯ ನಟ.

"ಇವರು ಜೀವಾವಧಿ ಶಿಕ್ಷೆ ಓದ್ತಾರೆ, ನೀನು ಕುಸಿದುಬೀಳು," ಎಂದ ನಿರ್ದೇಶಕ.

"ನಮ್ಮ ಲಾಯರ್ ಎಲ್ಲಿ ಸಾರ್?"

"ಹೀರೋ ಬರೋದು ನಾಳೆ. ಜಡ್ಜಪ್ಪ ಇರೋದು ಇವತ್ತೊಂದೇ ದಿನ. ಅದಕ್ಕೆ ತೀರ್ಪು ಇವತ್ತು, ವಾದ ನಾಳೆ. ಎಡಿಟಿಂಗಲ್ಲಿ ಸರಿಹೋಗುತ್ತೆ."

ಇದೇನೂ ಹೊಸದಲ್ಲ. ಬಾಣಂತನದ ಸೀನು ಮುಗಿಸಿ ಮದುವೆಯ ಸೀನು ತೆಗೆಯುವ ಜನ ಅವರು. ಹೆಣದಣ್ಣನೇ ಎಷ್ಟೋ ಸಲ ಬೆಳಿಗ್ಗೆ ಸತ್ತು ಸಂಜೆ ಗುಂಡು ತಿಂದಿದ್ದ. ಆದರೆ ಹೆಣಕ್ಕೆ ತಕರಾರಿರುವುದಿಲ್ಲ. ಜೀವ ಬಂದ ಮೇಲೆ ಮಾತೇ ಬೇರೆ.

"ನನ್ನ ಪರ ಏನು ಹೇಳಿದ್ರು ಅಂತ ಗೊತ್ತಿಲ್ಲದೆ ಹೇಗೆ ಕುಸಿಯೋದು ಸಾರ್? ವಕೀಲರಿಲ್ಲದೆ ಯಾರಿಗೂ ಶಿಕ್ಷೆಯಿಲ್ಲ ಅಂತ ನಮ್ಮ ಪೋಸ್ಟರಲ್ಲೇ ಇದೆಯಲ್ಲ."

"ಅದು ನೋಡೋ ಜನಕ್ಕಪ್ಪ, ನಮಗಲ್ಲ. ಆಗಲ್ಲ ಅಂದ್ರೆ ಹೇಳು, ನಿನ್ನ ಪಾತ್ರ ಆ ಪೊಲೀಸ್ ವೇಷದವನಿಗೆ ಕೊಡ್ತೀನಿ."

ಹೆಣದಣ್ಣ ಕಟಕಟೆಯ ಪಕ್ಕ ನಿಂತಿದ್ದ ಪೊಲೀಸ್ ವೇಷದವನನ್ನು ನೋಡಿದ. ಆದರೂ ಬಾಯಿಂದ ಹೊರಟದ್ದು "ಲಾಯರ್ ಬೇಕು" ಎಂಬ ಮಾತೇ.

ಜಡ್ಜಪ್ಪ ಸುತ್ತಿಗೆ ಕುಟ್ಟಿದ. "ಆರೋಪಿ ಹೇಳೋದು ನ್ಯಾಯವಾಗಿದೆ. ವಕೀಲರನ್ನ ಕೊಡಿ, ಇಲ್ಲದಿದ್ರೆ ನಾನು ಓದಲ್ಲ."

ನಿರ್ದೇಶಕ ತಲೆ ಚಚ್ಚಿಕೊಂಡು, ಮೂಲೆಯಲ್ಲಿ ಹೀರೋವಿನ ಕರಿಕೋಟಿಗೆ ಇಸ್ತ್ರಿ ಹಾಕುತ್ತಿದ್ದ ಬಟ್ಟೆಯಕ್ಕನತ್ತ ತಿರುಗಿದ. "ಅಕ್ಕಾ, ಅದನ್ನ ಹಾಕ್ಕೊಂಡು ಇವನ ಸಮಾಧಾನಕ್ಕೆ ಒಂದಿಷ್ಟು ಮಾತಾಡಿಬಿಡು."

ಬೆಚ್ಚಗಿನ ಕೋಟು ತೊಟ್ಟು ಅಕ್ಕ ಮುಂದೆ ಬಂದಳು. ತೋಳು ಬೆರಳ ತುದಿ ದಾಟಿ ಜೋಲಾಡುತ್ತಿತ್ತು.

"ಸ್ವಾಮಿ, ಇವನ ಅಂಗಿಯ ರಕ್ತ ಒಗೆದು ಒಗೆದು ನನ್ನ ಕೈ ಬಿಳಿಚಿಕೊಂಡಿದೆ. ಎಲ್ಲಾ ಇವನದೇ ರಕ್ತ, ಇನ್ನೊಬ್ಬರದು ಒಂದು ಹನಿ ಕಂಡಿಲ್ಲ. ಮೂಗಿನ ಮೇಲೆ ಸೊಳ್ಳೆ ಕೂತ್ರೂ ಅಲುಗದೆ ಮಲಗಿರೋ ಪ್ರಾಣಿ ಇದು. ಯಾರನ್ನ ಕೊಂದೀತು?"

ಲೈಟಿನವರು ಮೂಗು ಒರೆಸಿಕೊಂಡರು. ಜಡ್ಜಪ್ಪ ಕನ್ನಡಕ ತೆಗೆದ, ಹಾಕಿದ. "ಆರೋಪಿ ನಿರ್ದೋಷಿ. ಬಿಡುಗಡೆ ಮಾಡಿ."

"ಇನ್ನೊಂದು ಟೇಕ್," ಎಂದ ನಿರ್ದೇಶಕ.

"ಕೊಟ್ಟ ತೀರ್ಪು ಬದಲಾಯಿಸೋ ಅಧಿಕಾರ ನನಗಿಲ್ಲ," ಎಂದು ಜಡ್ಜಪ್ಪ ಗೌನು ಕಳಚಿ ಕಾರಿನ ಕಡೆ ನಡೆದ.

ನಿರ್ದೇಶಕ ತಣ್ಣಗೆ ಹೇಳಿದ: "ಗೆದ್ದೆಯಲ್ಲ, ನಡಿ ಮನೆಗೆ. ಬಿಡುಗಡೆಯಾದವನಿಗೆ ಜೈಲಲ್ಲೇನು ಕೆಲಸ?"

ಪೊಲೀಸ್ ವೇಷದವನು ಬಲು ಮರ್ಯಾದೆಯಿಂದ ಕಟಕಟೆಯ ಬಾಗಿಲು ತೆಗೆದ. ಹೆಣದಣ್ಣ ಹಸಿ ಬಣ್ಣವನ್ನೂ ಲೆಕ್ಕಿಸದೆ ಕಟಕಟೆಯನ್ನೇ ತಬ್ಬಿ ಹಿಡಿದ.

"ಅಕ್ಕಾ, ಅಪೀಲು ಹಾಕು."

"ಯಾಕೋ, ಬಿಟ್ಟುಬಿಟ್ರಲ್ಲ."

"ಅದರ ಮೇಲೇ ಹಾಕು."

ಅಕ್ಕ ತೋಳು ಮಡಚಿಕೊಂಡು ಕಾರಿನ ಹಿಂದೆ ಓಡಿದಳು. "ಸ್ವಾಮಿ, ಸ್ವಲ್ಪ ನಿಲ್ಲಿ. ನಮ್ಮವನು ಅಷ್ಟೊಂದು ಒಳ್ಳೆಯವನೇನಲ್ಲ."