ಬಾಕು ಮೇಷ್ಟ್ರ ಲೆಕ್ಕ

ಹೌದು ಮತ್ತು ಇಲ್ಲ ಎರಡರ ನಡುವೆ ಬೇಕಾದಷ್ಟು ಜಾಗ ಇದೆ ಎಂದು ತುಮಕೂರಿನ ಕಾಲೇಜಿನಲ್ಲಿ ವರ್ಷ ವರ್ಷವೂ ಪಾಠ ಮಾಡುವ ಮಾನಸಾ, ಡಾಕ್ಟರ ಎದುರು ಕೂತಾಗ ಆ ಪಾಠವನ್ನೆಲ್ಲ ಗಂಟು ಕಟ್ಟಿ ಮೂಲೆಗೆಸೆದಳು.

"ಪರ್ಸೆಂಟ್ ಲೆಕ್ಕ ಎಲ್ಲ ಬೇಡ ಸರ್. ಅಪ್ಪ ಉಳೀತಾರಾ ಇಲ್ವಾ, ಅಷ್ಟು ಹೇಳಿ."

"ಆಪರೇಷನ್ ಮಾಡಿಸಿದ್ರೆ ಉಳಿಯೋ ಸಾಧ್ಯತೆನೇ ಹೆಚ್ಚು. ಮಾಡಿಸ್ದೆ ಬಿಟ್ರೆ ಕಷ್ಟ. ಪೂರ್ತಿ ಗ್ಯಾರಂಟಿ ಯಾರೂ ಕೊಡಲ್ಲಮ್ಮ," ಎಂದರು ಡಾಕ್ಟರು.

ಅಪ್ಪ ಲಕ್ಷ್ಮೀನರಸಿಂಹಯ್ಯ ಹೆಬ್ಬೂರಿನ ಕಡೆ ತೆಂಗಿನ ತೋಟದವರು. ಹೃದಯದ ವಾಲ್ವ್ ಕೆಟ್ಟು ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿದ್ದರೂ ಮೀಸೆ ಮಾತ್ರ ಇಳಿದಿರಲಿಲ್ಲ. "ಊರಮ್ಮನ್ನ ಹೂ ಕೇಳ್ದೆ ನಾನು ಎದೆ ಕುಯ್ಸ್ಕೊಳಲ್ಲ," ಎಂದು ಹಠ ಹಿಡಿದರು.

ಹೂ ಕೇಳುವುದು ಆ ಕಡೆಯ ಹಳೆಯ ಪದ್ಧತಿ. ಪೂಜಾರಿ ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಉದುರಿದರೆ ಹೌದು, ಎಡಗಡೆಯದು ಉದುರಿದರೆ ಇಲ್ಲ. ಮನೆ ಕಟ್ಟುವುದಕ್ಕೂ ಬೋರ್‌ವೆಲ್ ಕೊರೆಸುವುದಕ್ಕೂ ಅಪ್ಪ ಹೀಗೇ ಕೇಳಿದ್ದರು.

ಮಾನಸಾ ಪಾಠ ಮಾಡುವುದು ಲೋತ್ಫಿ ಜಾದೆಯವರ ಫಜಿ ಲಾಜಿಕ್ ಎಂಬ ಗಣಿತ. ಅಜರ್‌ಬೈಜಾನಿನ ಬಾಕುವಿನಲ್ಲಿ ಹುಟ್ಟಿ, ಇರಾನಿನಲ್ಲಿ ಬೆಳೆದು, ಅಮೆರಿಕದಲ್ಲಿ ಪ್ರೊಫೆಸರಾಗಿ, ಕೊನೆಗೆ ಬಾಕುವಿನ ಮಣ್ಣಿಗೇ ಮರಳಿದವರು. ಲೋಕದಲ್ಲಿ ಬಿಸಿ, ತಣ್ಣಗೆ ಎರಡೇ ಅಲ್ಲ, ಉಗುರುಬೆಚ್ಚಗೂ ಇದೆ, ಅದಕ್ಕೂ ಲೆಕ್ಕ ಬೇಕು ಎಂದವರು. ಮನೆಗೆ ವಾಷಿಂಗ್ ಮಿಷಿನ್ ಬಂದಾಗ ಮಾನಸಾ ಅದರ ಮೇಲಿದ್ದ ಫಜಿ ಲಾಜಿಕ್ ಸ್ಟಿಕ್ಕರ್ ತೋರಿಸಿ ಈ ಕಥೆ ಹೇಳಿದ್ದಳು. "ಅರ್ಧಂಬರ್ಧ ಕೊಳೇನೂ ಲೆಕ್ಕಕ್ಕೆ ಇಟ್ಟವ್ನಾ! ಭಲೇ ಆಸಾಮಿ ಕಣವ್ವ ನಿಮ್ಮ ಬಾಕು ಮೇಷ್ಟ್ರು," ಎಂದು ಅಪ್ಪ ಮೆಚ್ಚಿಕೊಂಡಿದ್ದರು.

ಅಂಥ ಮೇಷ್ಟ್ರ ಶಿಷ್ಯೆ ಮಾಡಿದ್ದೇನು? ಹೂ ಕೇಳುವ ಹಿಂದಿನ ಸಂಜೆ ಪೂಜಾರಿ ಪುಟ್ಟರಂಗಯ್ಯನವರ ಮನೆಗೆ ಹೋಗಿ, "ಪುಟ್ಟರಂಗಣ್ಣ, ಬಲಗಡೆ ಹೂವ ಸ್ವಲ್ಪ ಸಡಿಲವಾಗಿ ಅಂಟ್ಸಿ," ಎಂದು ಪಿಸುಗುಟ್ಟಿದಳು. ನಾಚಿಕೆಯಾಗದೆ ಇರಲಿಲ್ಲ. ಆದರೆ ಅವಳಿಗೆ ಅಪ್ಪ ಬೇಕಿತ್ತು. ಪೂಜಾರಿ ತಲೆ ಕೆರೆದುಕೊಂಡರು.

ಮಂಗಳವಾರ ಬೆಳಿಗ್ಗೆ ಎಲ್ಲರೂ ಗುಡಿಯಲ್ಲಿ ಕೂತರು. ಮಾನಸಾಳ ತಾಯಿ ಪುಟ್ಟತಾಯಮ್ಮ ಕಂಬಕ್ಕೊರಗಿ ಕೂತರು. ಆರತಿಯಾಯಿತು, ಗಂಟೆ ಬಾರಿಸಿದ್ದಾಯಿತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಬಲಗಡೆ ಹೂವೂ ಅಲ್ಲಾಡಲಿಲ್ಲ, ಎಡಗಡೆಯದೂ ಅಲ್ಲಾಡಲಿಲ್ಲ. ಮಾನಸಾ ಬಲಭುಜದಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ಯಾಕೋ ಎಡಭುಜವನ್ನೇ ನೋಡುತ್ತಿದ್ದರು.

"ಏನ್ ಪುಟ್ಟರಂಗಯ್ಯ, ಗೋಂದು ಗೀಂದು ಹಾಕಿದ್ದೀಯಾ?" ಎಂದು ಕೊನೆಗೆ ಅಪ್ಪ ಗದರಿದರು.

ಪೂಜಾರಿಯ ತಾಳ್ಮೆ ಕೆಟ್ಟಿತು. ಆರತಿ ತಟ್ಟೆ ಕೆಳಗಿಟ್ಟರು. "ಇನ್ನೇನ್ ಮಾಡ್ಲಿ ನರಸಿಂಹಣ್ಣ? ನೆನ್ನೆ ಬೆಳಿಗ್ಗೆ ನೀನು ಬಂದು ಎಡಗಡೇದು ಬೀಳಂಗೆ ಮಾಡು ಅಂದೆ. ಸಂಜೆ ನಿನ್ನ ಮಗಳು ಬಂದು ಬಲಗಡೇದು ಅಂತು. ಎರಡಕ್ಕೂ ಗಂಧ ಗಟ್ಟಿಯಾಗಿ ಮೆತ್ತಿವ್ನಿ. ಊರಮ್ಮನ ಬಾಯಿಗೆ ನೀವೇ ಮಾತು ತುರುಕಿದ್ರೆ ಅವಳೇನು ಹೇಳಾಳು?"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು, ಬೆಲ್ಲ ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ. ಮೀಸೆ ಮೊದಲ ಸಲ ಇಳಿಯಿತು.

"ಭಯ ಕಣವ್ವ," ಎಂದರು ಅಪ್ಪ. "ಅಲ್ಲಿ ಮಲಗ್ಸಿದ್ ಮೇಲೆ ಏಳ್ದೇ ಹೋದ್ರೆ? ನಾನು ಬೇಡ ಅಂದ್ರೆ ಹೇಡಿ ಅಂತೀರ. ಊರಮ್ಮ ಬೇಡ ಅಂದ್ರೆ ಯಾರೂ ಏನೂ ಅನ್ನಂಗಿಲ್ಲ."

ಮಾನಸಾಳಿಗೆ ಅಳು ಉಕ್ಕಿತು. "ನಂಗೂ ಭಯನೇ ಅಪ್ಪ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನೇ ಕಳಿಸ್ದೆ ಅಂತಾಗುತ್ತೆ. ಅದಕ್ಕೇ ದೇವ್ರ ಮೇಲೆ ಹಾಕೋಕೆ ಹೋದೆ."

ಅಪ್ಪ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. "ನಂಗೆ ಕಾಲು ಭಾಗ ಧೈರ್ಯ ಐತೆ. ನಿಂಗೆ?"

"ಅರ್ಧ ಇರ್ಬೋದು."

"ಕೂಡಿದ್ರೆ ಮುಕ್ಕಾಲು. ಸಾಲ್ದಾ ನಿಮ್ಮ ಬಾಕು ಮೇಷ್ಟ್ರಿಗೆ?"

ಅಳುತ್ತಲೇ ಮಾನಸಾ ನಕ್ಕಳು. "ಅವರ ಲೆಕ್ಕದಲ್ಲಿ ಎರಡನ್ನ ಒಂದು ಮಾಡೋವಾಗ ಕೂಡಲ್ಲ ಅಪ್ಪ. ಇರೋದ್ರಲ್ಲಿ ಯಾವ್ದು ದೊಡ್ಡದೋ ಅದನ್ನ ತಗೋತಾರೆ. ಮನೇಲಿ ಯಾರ ಧೈರ್ಯ ದೊಡ್ಡದೋ, ಅದೇ ಮನೆ ಧೈರ್ಯ."

"ಹಂಗಾದ್ರೆ ಅರ್ಧಕ್ಕೇ ನಿಂತ್ವಲ್ಲವ್ವ," ಎಂದರು ಅಪ್ಪ.

ಆಗ ಪುಟ್ಟತಾಯಮ್ಮ ಕಂಬದ ಬಳಿಯಿಂದ ಎದ್ದರು. ಡಾಕ್ಟರನ್ನು ಕೇಳಿದ್ದಾಗಿತ್ತು, ದೇವಿಯನ್ನು ಕೇಳಿದ್ದಾಗಿತ್ತು, ಪೂಜಾರಿಯನ್ನೂ ಕೇಳಿದ್ದಾಗಿತ್ತು. ಅವರನ್ನು ಮಾತ್ರ ಇಷ್ಟು ದಿನ ಯಾರೂ ಒಂದು ಮಾತು ಕೇಳಿರಲಿಲ್ಲ. ಕಂಬದ ಹಿಂದಿಟ್ಟಿದ್ದ ಬ್ಯಾಗನ್ನು ಎಳೆದು ತಂದು ಗಂಡನ ಮುಂದಿಟ್ಟು ಜಿಪ್ ತೆಗೆದರು. ಆಸ್ಪತ್ರೆಯ ಫೈಲು, ಪಂಚೆ, ಸ್ಟೀಲ್ ಲೋಟ. ಎಲ್ಲದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಶರ್ಟು.

ಅಪ್ಪ ಶರ್ಟು ಮುಟ್ಟಿ ನೋಡಿದರು. "ಅಲ್ಲಿ ಅವರೇ ಬಟ್ಟೆ ಕೊಡ್ತಾರಲ್ಲೇ. ಇದ್ಯಾಕೆ?"

"ವಾಪಸ್ ಬರೋವಾಗ ಹಾಕ್ಕೊಳಕ್ಕೆ," ಎಂದರು ಪುಟ್ಟತಾಯಮ್ಮ. "ಏಳಿ, ತುಮಕೂರು ಬಸ್ ಬರೋ ಹೊತ್ತಾಯ್ತು."

ಅಪ್ಪ ಊರಮ್ಮನ ಕಡೆ ಕೈಮುಗಿದು, ಹೆಂಡತಿಯ ಕೈ ಹಿಡಿದು ಎದ್ದರು.