ಹುಸೇನಮ್ಮನ ಸೀಟು

ಸುಪ್ರೀತಾಳಿಗೆ ಕಾಲೇಜಿನವರು ವಹಿಸಿದ್ದು ಒಂದು ಸೆಮಿಸ್ಟರಿನ ಸಮಾಜಸೇವೆ. ಅದಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿತ್ತು, ಕ್ರೆಡಿಟ್ ಇತ್ತು, ದಾರಿ ತೋರಿಸಲು ಒಬ್ಬರು ಮೆಂಟರ್ ಇದ್ದರು. ಫೆಬ್ರುವರಿಯಲ್ಲಿ ಶುರು, ಜೂನ್ ಕೊನೆಗೆ ಮುಕ್ತಾಯ. ಬಡವರ ಕಷ್ಟವೂ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡೇ ಬಂದು ಹೋಗುತ್ತದೆ ಎಂದು ದೊಡ್ಡವರು ಲೆಕ್ಕ ಹಾಕಿದ್ದರೋ ಏನೋ.

ಅವಳ ಪಾಲಿಗೆ ಬಂದದ್ದು ರಾಮಮೂರ್ತಿ ನಗರದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಹಿಂದಿದ್ದ ತಗಡಿನ ಶೆಡ್ಡುಗಳು. ಯಾದಗಿರಿ ಕಡೆಯಿಂದ ಬಂದ ಕಟ್ಟಡ ಕೆಲಸದವರ ಮಕ್ಕಳಿಗೆ ಸಂಜೆ ಪಾಠ ಹೇಳಬೇಕಿತ್ತು. ಅವರಲ್ಲಿ ದೊಡ್ಡವಳು ಹುಸೇನಮ್ಮ. ಅಪ್ಪ ಚಂದ್ರಾಮಪ್ಪ ಗಾರೆ ಕೆಲಸದವನು, ಅವ್ವ ಅದೇ ಕಟ್ಟಡದಲ್ಲಿ ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ ಹೊರುತ್ತಿದ್ದಳು. ಮೊದಮೊದಲು ಬಾಯಿಯನ್ನೇ ಬಿಡದಿದ್ದ ಹುಡುಗಿ ಏಪ್ರಿಲ್ ಹೊತ್ತಿಗೆ ಸುಪ್ರೀತಾಳ ಲೆಕ್ಕದಲ್ಲೇ ತಪ್ಪು ಹುಡುಕುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂತು. ಶಿವಾಜಿನಗರದ ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಸೈನ್ಸ್ ಸಿಕ್ಕಿತು.

ಆದರೆ ಅಪಾರ್ಟ್‌ಮೆಂಟಿನ ಕೆಲಸ ಮುಗಿಯುತ್ತಾ ಬಂದಿತ್ತು. ಜೂನ್ ಕೊನೆಗೆ ಇಡೀ ಗ್ಯಾಂಗು ಹೊಸಕೋಟೆಯ ಆಚೆ ಎಲ್ಲೋ ಹೊಸ ಸೈಟಿಗೆ ಹೊರಡಬೇಕು. ಹಾಸ್ಟೆಲ್ ಸಿಕ್ಕರೆ ಹುಸೇನಮ್ಮನಿಗೆ ಓದು, ಸಿಗದಿದ್ದರೆ ಅವ್ವನ ಹಿಂದೆ ಇನ್ನೊಂದು ಬಾಂಡ್ಲಿ. ಇದರಲ್ಲಿ ಮೂರನೆಯ ದಾರಿ ಇರಲಿಲ್ಲ.

ಮೆಂಟರ್ ಅಲಿಯಾ ಮೇಡಂ ಇದ್ದದ್ದು ರಿಚರ್ಡ್ಸ್ ಟೌನಿನಲ್ಲಿ. ಪ್ರತಿ ಶನಿವಾರ ಫೋನು ಮಾಡುತ್ತಿದ್ದರು, ಮನಸ್ಸಿಟ್ಟು ಕೇಳುತ್ತಿದ್ದರು. ತರಬೇತಿಯ ಮೊದಲ ದಿನವೇ ಅವರು ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದ್ದರು, ಯಾರನ್ನೂ ಜಾತಿ, ಧರ್ಮ ಕೇಳಬಾರದು ಎಂದು. ಸುಪ್ರೀತಾ ಅದನ್ನು ವ್ರತದಂತೆ ಪಾಲಿಸಿದಳು. ಕೇಳಲೂ ಇಲ್ಲ, ಹೇಳಲೂ ಇಲ್ಲ.

"ಮೇಡಂ, ಹುಸೇನಮ್ಮ ಅಂತ ಒಬ್ಳಿದಾಳೆ. ತುಂಬ ಚುರುಕು. ಹಾಸ್ಟೆಲ್ ಬೇಕು ಮೇಡಂ," ಎಂದಳು ಒಂದು ಶನಿವಾರ.

"ಹುಸೇನಮ್ಮಾನಾ?" ಎಂದರು ಅಲಿಯಾ. ಕ್ಷಣ ಬಿಟ್ಟು, "ನಮ್ಮನೆ ಹತ್ರಾನೇ ಒಂದು ಟ್ರಸ್ಟ್ ಹಾಸ್ಟೆಲ್ ಇದೆ. ನಾನು ಮಾತಾಡ್ತೀನಿ ಬಿಡು," ಎಂದರು.

ವಾರದೊಳಗೆ ಅಲಿಯಾರ ಬಾಯಿಮಾತಿನ ಮೇಲೇ ಸೀಟು ಆಯಿತು. ಸುಪ್ರೀತಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕೋಣವೇ ಎಂದು ಚಂದ್ರಾಮಪ್ಪ ಕೇಳಿದಾಗ, "ಒಂದು ಸಿಕ್ಕಿದ ಮೇಲೆ ಇನ್ನೊಂದು ಯಾಕೆ? ಬೇರೆ ಯಾರಿಗಾದ್ರೂ ಸಿಗ್ಲಿ," ಎಂದು ದೊಡ್ಡ ಮನಸ್ಸು ಮಾಡಿದಳು. ಇಪ್ಪತ್ತು ವರ್ಷದವರಿಗೆ ಇಂಥ ದೊಡ್ಡ ಮನಸ್ಸು ಸುಲಭವಾಗಿ ಬರುತ್ತದೆ, ಅದೂ ಸೀಟು ಇನ್ನೊಬ್ಬರದ್ದಾದಾಗ. ಅರ್ಜಿಯ ಕೊನೆಯ ದಿನ ಸದ್ದಿಲ್ಲದೆ ಕಳೆದುಹೋಯಿತು.

ಹಾಸ್ಟೆಲಿಗೆ ಸೇರುವ ಶುಕ್ರವಾರ ಅಪ್ಪ, ಮಗಳು, ಸುಪ್ರೀತಾ ಮೂವರೂ ಬಸ್ಸು ಹತ್ತಿದರು. ಚಂದ್ರಾಮಪ್ಪ ಹೆಗಲ ಮೇಲೆ ಹೊಸ ಟ್ರಂಕು ಹೊತ್ತಿದ್ದ. ಅವ್ವ ಮಗಳ ಹಣೆಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ದಾರಿಯುದ್ದಕ್ಕೂ ಹುಸೇನಮ್ಮ ಮಾತಾಡಿದಳು. ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚ ಕೇಳಬಹುದೇ ಎಂಬುದು ಅವಳ ಚಿಂತೆ.

ವಾರ್ಡನ್ ವಯಸ್ಸಾದ ಹೆಂಗಸು. ತಲೆಯ ಮೇಲೆ ದುಪಟ್ಟಾ, ಬಾಯ್ತುಂಬ ನಗು. ಮೂವರನ್ನೂ ಕೂರಿಸಿ ಚಹ ತರಿಸಿದರು. ಆಮೇಲೆ ಬಾಗಿಲ ಕಡೆ ಇಣುಕಿ, "ಹುಸೇನಮ್ಮ ಎಲ್ಲಮ್ಮಾ? ಹಿಂದೆ ಬರ್ತಿದ್ದಾಳಾ?" ಎಂದು ಕೇಳಿದರು.

"ನಾನೇ ರೀ," ಎಂದು ಹುಸೇನಮ್ಮ ಎದ್ದು ನಿಂತಳು.

ವಾರ್ಡನ್ ಅವಳ ಹಣೆ ನೋಡಿದರು, ಟ್ರಂಕು ನೋಡಿದರು, ಕೊನೆಗೆ ಸುಪ್ರೀತಾಳನ್ನು ನೋಡಿದರು. ನಗು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಸುಪ್ರೀತಾಳಿಗೆ ಏನೆಂದು ಇನ್ನೂ ಗೊತ್ತಿರಲಿಲ್ಲ, ಏನೋ ಕೆಟ್ಟಿದೆ ಎಂದಷ್ಟೇ ಗೊತ್ತಾಯಿತು.

"ಅಲಿಯಾ ಹೇಳ್ಲಿಲ್ವಾ ಬೇಟಾ? ಇದು ನಮ್ಮ ಮುಸಲ್ಮಾನ್ ಹುಡುಗೀರಿಗೆ ಅಂತ ಇರೋ ಹಾಸ್ಟೆಲ್ಲು. ನಮ್ಮೋರು ದಾನ ಕೊಡೋ ಜಕಾತ್ ದುಡ್ಡಲ್ಲಿ ನಡೆಯೋದು. ನಾನು ಸಂಬಳಕ್ಕಿರೋಳು, ನನ್ನ ಕೈಲಿ ಏನೂ ಇಲ್ಲ."

ಚಂದ್ರಾಮಪ್ಪನಿಗೆ ಅರ್ಥವಾಗಲಿಲ್ಲ. "ಹೆಸರು ನಿಮ್ಮದೇ ಅದಲ್ರಿ ಅಮ್ಮಾರ," ಎಂದ. "ನಮ್ಮೂರಾಗ ಅಲಾಯಿ ದೇವ್ರು ಕೂಡ್ತಾವ ನೋಡ್ರಿ, ಮೊಹರಂದಾಗ. ಮಕ್ಕಳು ಉಳೀವಲ್ಲವು ಅಂತ ಹುಸೇನಪಾಷಾಗ ಬೇಡ್ಕೊಂಡಿದ್ವಿ. ಈಕಿ ಉಳಿದ್ಲು. ಅದಕ್ಕ ಹುಸೇನಮ್ಮ. ನಮ್ಮ ಕಡಿ ಓಣಿಗೊಬ್ಬಾಕಿ ಹುಸೇನಮ್ಮ ಇರ್ತಾಳ್ರಿ."

ಸುಪ್ರೀತಾಳ ತಂದೆ ಗದಗದವರು. ಅಪ್ಪನ ಊರಿನಲ್ಲೂ ಒಬ್ಬ ಹುಸೇನಪ್ಪನಿದ್ದಾನೆ ಎಂಬುದು ಅವಳಿಗೆ ಈಗ ನೆನಪಾಯಿತು. ಆದರೆ ಆ ನೆನಪು ಇನ್ನು ಯಾವ ಕೆಲಸಕ್ಕೂ ಬಾರದು. ಅವಳು ಹೊರಗೆ ಬಂದು ಅಲಿಯಾಗೆ ಫೋನು ಮಾಡಿದಳು.

ಅಲಿಯಾ ಎಲ್ಲವನ್ನೂ ಕೇಳಿ ಹೇಳಿದರು, "ತಪ್ಪು ನಂದೇ. ಹೆಸರು ಕೇಳಿದೆ, ಅಷ್ಟಕ್ಕೇ ತಿಳ್ಕೊಂಡ್ಬಿಟ್ಟೆ. ನೀನೂ ಒಂದು ಮಾತು ಹೇಳ್ಲಿಲ್ವಲ್ಲ ಸುಪ್ರೀತಾ."

"ಅದನ್ನೆಲ್ಲ ಮಾತಾಡ್ಬಾರ್ದು ಅಂದಿದ್ರಲ್ಲ ಮೇಡಂ."

ಇಬ್ಬರೂ ಒಳ್ಳೆಯವರು, ಇಬ್ಬರೂ ಸಭ್ಯರು. ಅವರ ಸಭ್ಯತೆಯ ನಡುವೆ ಹುಡುಗಿಯ ಸೀಟು ಹೋಯಿತು.

ಸುಪ್ರೀತಾ ಗೇಟಿನ ಬಳಿ ನಿಂತು ಸಿಕ್ಕಸಿಕ್ಕ ಹಾಸ್ಟೆಲುಗಳಿಗೆಲ್ಲ ಫೋನು ಹಚ್ಚಿದಳು. ಎತ್ತಿದವರೆಲ್ಲ ಕೇಳಿದ್ದು ಒಂದೇ: "ಹುಡುಗಿ ಯಾವ ಪೈಕಿ?" ಕೇಳಬಾರದು ಎಂದು ಅವಳಿಗೆ ಕಲಿಸಿದ್ದ ಪ್ರಶ್ನೆಯನ್ನು ಬಿಟ್ಟು ಈ ಊರಿನಲ್ಲಿ ಬೇರೆ ಪ್ರಶ್ನೆಯೇ ಇರಲಿಲ್ಲ. ಬಲವಿದ್ದ ಜಾತಿಗಳೆಲ್ಲ ತಂತಮ್ಮ ಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿಕೊಂಡಿದ್ದವು. ಚಂದ್ರಾಮಪ್ಪನ ಜಾತಿಯವರು ಅವನ್ನು ಕಟ್ಟಿಕೊಟ್ಟು ಬೇರೆ ಸೈಟಿಗೆ ಹೋಗಿದ್ದರು, ಅಷ್ಟೆ. ಸರ್ಕಾರಿ ಹಾಸ್ಟೆಲಿನವರು ತಾರೀಖು ಮುಗಿದಿದೆ ಎಂದು ಫೋನು ಇಟ್ಟರು.

ಅವಳು ಒಳಗೆ ಬಂದಾಗ ಹುಸೇನಮ್ಮ ವಾರ್ಡನ್ನರ ಮೇಜಿನ ಮುಂದೆ ನಿಂತಿದ್ದಳು. ವೇಲಿನ ತುದಿಯಿಂದ ಹಣೆ ಒರೆಸಿಕೊಂಡಿದ್ದಳು. ಕುಂಕುಮ ಅರ್ಧ ಹೋಗಿ ಹಣೆ ಕೆಂಪಾಗಿತ್ತು.

"ನಾ ಕುಂಕುಮ ಹಚ್ಚಲ್ರಿ ಅಮ್ಮಾರ. ನಮಾಜ್ ಕಲೀತೀನ್ರಿ. ನನಗ ಲಗೂ ಬರ್ತದ. ಬೇಕಾರ ಅಕ್ಕಗ ಕೇಳ್ರಿ."

ಅಕ್ಕ ಎಂದರೆ ಸುಪ್ರೀತಾ. ಹೌದು, ಬೇಗ ಕಲಿಯುತ್ತಾಳೆ. ಐದು ತಿಂಗಳು ಅದನ್ನೇ ಹೇಳಿ ಹೇಳಿ ಹುರಿದುಂಬಿಸಿದವಳು ತಾನೇ. ಅವಳು ಚಂದ್ರಾಮಪ್ಪನನ್ನು ನೋಡಿದಳು, ಅವನಾದರೂ ಬೈದು ಸುಮ್ಮನಾಗಿಸಲಿ ಎಂದು. ಅವನು ಬೈಯಲಿಲ್ಲ.

"ಓದಲಿ ಬಿಡ್ರಿ," ಎಂದ, ನೆಲ ನೋಡುತ್ತ. "ನಮ್ಮ ದೇವ್ರಿಗಿ ನಾ ಹೇಳ್ಕೋತೀನಿ."

ವಾರ್ಡನ್ ಎದ್ದು ಬಂದು ಹುಡುಗಿಯ ತಲೆ ನೇವರಿಸಿದರು. "ಬೇಡ ಬೇಟಾ. ಒಂದು ಮಂಚಕ್ಕೋಸ್ಕರ ಯಾರೂ ಹಿಂಗನ್ಬಾರ್ದು," ಎಂದರು. ಕಣ್ಣೀರು ಅವರಿಗೂ ಬಂದಿತ್ತು. ಊಟ ಮಾಡಿ ಹೋಗಿ ಎಂದು ಕೈ ಹಿಡಿದು ಕೇಳಿಕೊಂಡರು. ಚಂದ್ರಾಮಪ್ಪ ಬೇಡವೆಂದು ಟ್ರಂಕು ಎತ್ತಿಕೊಂಡ.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅಲಿಯಾ ಮತ್ತೆ ಫೋನು ಮಾಡಿದರು. ಅವರೂ ನಾಲ್ಕಾರು ಕಡೆ ಕೇಳಿ ಸೋತಿದ್ದರು. ಸುಪ್ರೀತಾಳ ಅವಧಿ ಇವತ್ತಿಗೆ ಮುಗಿಯುತ್ತದೆ, ಸೋಮವಾರದಿಂದ ಪರೀಕ್ಷೆ. ಸೆಪ್ಟೆಂಬರಿನಲ್ಲಿ ಹೊಸ ಬ್ಯಾಚಿನ ವಿದ್ಯಾರ್ಥಿಗಳು ಬರುತ್ತಾರೆ, ಮುಂದಿನ ವರ್ಷಕ್ಕೆ ಹುಸೇನಮ್ಮನ ವಿಷಯವನ್ನು ಅವರ ಕೈಲೇ ಮೊದಲು ಎತ್ತಿಸುತ್ತೇನೆ ಎಂದರು.

ಸುಪ್ರೀತಾ ಅದನ್ನು ಹಾಗೇ ಹುಡುಗಿಗೆ ಹೇಳಿದಳು. ಹೇಳುವಾಗ ತನ್ನ ಮಾತು ತನಗೇ ನಾಚಿಕೆ ತರಿಸಿತು. "ಹೊಸಬರು ಬರ್ತಾರೆ ಕಣೇ. ನಿನ್ನ ಬಗ್ಗೆ ನಾನೇ ಅವರಿಗೆ ಎಲ್ಲ ಹೇಳಿ ಹೋಗ್ತೀನಿ."

ಹುಸೇನಮ್ಮ ಟ್ರಂಕಿನ ಮೇಲೆ ಕೂತಿದ್ದಳು. ಅಪ್ಪನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

"ಎಲ್ಲಾ ಹೇಳ್ರಿ ಅಕ್ಕ. ನನ್ನ ಹೆಸರೊಂದು ಹೇಳಬ್ಯಾಡ್ರಿ."