ಬಲದಿಂದ ಎಡಕ್ಕೆ

ಮತ್ತೆ ಆ ಪೀಪಿ, ಬೆಳಗಾದಾಗಿನಿಂದ ಪೀಪಿ, ರೆಸಾರ್ಟಿನ ಈಜುಕೊಳದ ಕಡೆಯಿಂದ, ಅದರ ಬೆನ್ನಿಗೇ ಮಕ್ಕಳ ಕೇಕೆ, ಆಮೇಲೆ ಮೈಕಿನವನು, ಅಪ್ಪಂದಿರೆಲ್ಲ ಈ ಕಡೆ ಬನ್ನಿ, ಅಮ್ಮಂದಿರು ಆ ಕಡೆ, ಹಗ್ಗ ಬಿಗಿಯಾಗಿ ಹಿಡ್ಕೊಳ್ಳಿ — ಮಂಗಳವಾರ ಅನ್ನುವುದೂ ಇಲ್ಲ ಇವರಿಗೆ, ಕಡಲಿಗೂ ವಾರಕ್ಕೊಂದು ದಿನ ಬಿಡುವು ಬೇಕೆಂದು ಊರಿನ ದೋಣಿಗಳೆಲ್ಲ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿವೆ, ಬಲೆ ಹೊಲಿಯುವವರು ಕೂಡ ದನಿ ತಗ್ಗಿಸಿದ್ದಾರೆ, ಆದರೆ ಈಸ್ಟರ್ ರಜೆಗೆ ಅಕ್ರಾದಿಂದ ಬಂದ ಸಂಸಾರಗಳಿಗೆ ಕಡಲಾದರೇನು ಕೊಳವಾದರೇನು, ಇರಲಿ, ಅವರ ರಜೆ ಅವರಿಗೆ, ಕೋಟೆಯ ಗೈಡು ಎಶುನ್‌ಗೆ ಬೇಕಾಗಿರುವುದು ಆ ಹಗ್ಗದಾಟ ಬೇಗ ಮುಗಿಯುವುದು, ಅಥವಾ ಮುಗಿಯದೇ ಇರುವುದು, ಯಾಕೆಂದರೆ ಆಟ ಮುಗಿದ ಮೇಲೆ ರೆಸಾರ್ಟಿನ ಗೈಡು ಕ್ವಾಮೆನಾ ಆ ಸಂಸಾರಗಳನ್ನು ಸಾಲು ಕಟ್ಟಿಸಿ ಕೋಟೆಗೆ ಕರೆತರುತ್ತಾನೆ, ಹತ್ತು ಗಂಟೆಗೆ, ದಿನವೂ ಹತ್ತಕ್ಕೇ. ಇವತ್ತು ಮೇಲೆ ಹೋಗಲ್ವಾ ಅಣ್ಣಾ, ಹೊತ್ತಾಯ್ತು, ಅವನು ಬರ್ತಾನೆ, ಅಂದಳು ಟಿಕೆಟ್ ಹರಿಯುವ ಅರಾಬಾ, ಹೆಬ್ಬಾಗಿಲ ಒಳಗಿನ ಬೆಂಚಿನ ಬಲತುದಿಯಿಂದ, ನಡುವೆ ಕಾವಲಿನ ಮುದುಕ ಅಟ್ಟಾ ತೂಕಡಿಸುತ್ತಿದ್ದ, ಎಡತುದಿಯಲ್ಲಿ ತಾನು — ಹೌದು, ಒಂದು ವರ್ಷದಿಂದ ಹತ್ತು ಹೊಡೆಯುತ್ತಲೇ ತಾನು ಫಿರಂಗಿಗಳಿರುವ ಬುರುಜಿಗೆ ಹತ್ತಿ ಕೂರುವುದು, ಕೆಳಗೆ ಕ್ವಾಮೆನಾನ ಆ ಹಳದಿ ಅಂಗಿ ಬಂದು ಹೋಗುವವರೆಗೆ ಇಳಿಯದೆ ಇರುವುದು, ಅರವತ್ತೊಂದರ ಗಂಡಸು ಅಡಗಿ ಕೂರುವುದು, ಥೂ — ಇಲ್ಲ ಕಣಮ್ಮಾ, ಇವತ್ತು ಇಲ್ಲೇ ಕೂರ್ತೀನಿ. ಕೂತ್ಕೊಳ್ಳಿ, ಆದ್ರೆ ಬಾಯಿ ಮಾತ್ರ ತೆರೀಬೇಡಿ, ನಿಮ್ಮ ಬಾಯಿ ಈ ಕೋಟೆ ಬಾಗಿಲಿದ್ದ ಹಾಗೆ, ಒಂದ್ಸಲ ತೆರೆದ್ರೆ ಮುಚ್ಚೋಕೆ ನಾಲ್ಕು ಜನ ಬೇಕು. ನಗು ಬಂತು, ಬಾಯಿಯ ಎಡಭಾಗ ಮಾತ್ರ ನಕ್ಕಿತು, ಬಲಗಡೆಯದು ಇನ್ನೂ ಕಲಿಯುತ್ತಿದೆ, ಬಲಗೈ ಇನ್ನು ಕಲಿಯುವುದೇ ಇಲ್ಲ ಅಂತ ಕೇಪ್ ಕೋಸ್ಟಿನ ಡಾಕ್ಟರು ಹೇಳಿಯಾಗಿದೆ, ತೊಡೆಯ ಮೇಲೆ ಯಾರೋ ಮರೆತುಹೋದ ಗಂಟಿನಂತೆ ಬಿದ್ದಿದೆ ಅದು, ಮುಟ್ಟಿದರೂ ಚಿವುಟಿದರೂ ತಿಳಿಯದೆ. ಶನಿವಾರ ಮಾಮೆ ಎಸೆಲ್ಬಾಳ ವರ್ಷದ ಕಾರ್ಯ, ಕ್ವಾಮೆನಾನ ತಾಯಿ, ತನಗೂ ಏನು ಕಡಿಮೆ ತಾಯಿ, ಊರೆಲ್ಲ ಬಿಳಿಕಪ್ಪು ಬಟ್ಟೆ ಹೊಲಿಸಿಕೊಳ್ಳುತ್ತಿದೆ, ತನಗೆ ಆ ಅಂಗಳದಲ್ಲಿ ಕಾಲಿಡುವ ಮುಖವಿಲ್ಲ, ಕ್ವಾಮೆನಾ ಇವತ್ತು ಕ್ಷಮಿಸದಿದ್ದರೆ ಶನಿವಾರವೂ ಬುರುಜಿನ ಮೇಲೆ ಕೂತು ದೂರದ ಡೋಲು ಕೇಳುವುದೇ ಸೈ.

ಮಾಮೆ ಎಸೆಲ್ಬಾ, ಮೆಕ್ಕೆಜೋಳದ ಕೆಂಕೆ ಉಂಡೆ ಬೇಯಿಸುವ ಹಂಡೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಇಬ್ರೂ ಒಂದೇ ಬಟ್ಟಲಲ್ಲಿ ತಿನ್ರೋ, ಎರಡೆರಡು ಬಟ್ಟಲು ತೊಳೆಯೋಕೆ ನಾನೇನು ನಿಮ್ಮ ಹೆಂಡ್ತೀನಾ, ತಿಂದೆವು ಮಾಮೆ, ಇಪ್ಪತ್ತೆಂಟು ವರ್ಷ ತಿಂದೆವು, ಇಬ್ಬರೂ ಇದೇ ಕೋಟೆಯಲ್ಲಿ ಗೈಡುಗಳು, ಒಂದೇ ಬಟ್ಟಲು, ಹುರಿದ ಮೀನಿನ ತಲೆಗೆ ಜಗಳ, ಊಟವಾದ ಮೇಲೆ ಬಾದಾಮಿ ಮರದ ಕೆಳಗೆ ದಾಮೆ ಆಟ, ಕ್ವಾಮೆನಾ ಕಾಯಿಯನ್ನು ಹಲಗೆ ಸೀಳುವ ಹಾಗೆ ಬಡಿಯುತ್ತಿದ್ದ, ಲೋ ಎಶುನ್, ನಿನ್ನ ರಾಜ ತೂಕಡಿಸ್ತಿದಾನೆ ಕಣೋ, ಚಾಪೆ ತರಿಸ್ಲಾ — ಈಗ ಒಬ್ಬನೇ ಹಲಗೆ ಹಾಸಿಕೊಂಡು ಎರಡೂ ಕಡೆಯ ಕಾಯಿ ತಾನೇ ನಡೆಸುವುದು, ಗೆದ್ದರೂ ಬೈಯುವವರಿಲ್ಲ, ಊಟವೂ ಒಬ್ಬನೇ, ಎಡಗೈಯಲ್ಲಿ ತಿನ್ನುವುದನ್ನು ಯಾರ ಮುಂದೆ ತೋರಿಸುವುದು, ಗೋಡೆಗೆ ಮುಖ ಮಾಡಿ ತಿನ್ನುತ್ತಾನೆ, ಒಂಟಿತನ ಅಂದರೆ ಬೇರೇನೂ ಅಲ್ಲ, ಊಟ ಮಾಡುವಾಗ ಎದುರಿಗೆ ಗೋಡೆ ಇರುವುದು. ತಪ್ಪು ಯಾರದ್ದು, ರೆಸಾರ್ಟಿನದೆನ್ನೋಣವೇ, ಎರಡು ವರ್ಷದ ಹಿಂದೆ ಅವರು ಕ್ವಾಮೆನಾನಿಗೆ ಹಳದಿ ಅಂಗಿ ತೊಡಿಸಿ ಕರೆದುಕೊಂಡರು, ಸಂಸಾರಗಳಿಗೆಂದೇ ಕೋಟೆ ತೋರಿಸುವ ಕೆಲಸ, ಫಿರಂಗಿ ತೋರಿಸು, ಗವರ್ನರನ ಮಹಡಿ ತೋರಿಸು, ಕಡಲು ತೋರಿಸಿ ಫೋಟೋ ತೆಗೆಸು, ಗುಲಾಮರಾಗಿ ಹಡಗು ಹತ್ತಿಸುವ ಮುಂಚೆ ಹೆಂಗಸರನ್ನು ಕೂಡಿಹಾಕುತ್ತಿದ್ದ ಕೆಳಗಿನ ಕತ್ತಲಕೋಣೆ ಮಾತ್ರ ಬೇಡ. ಮಕ್ಕಳು ಈಜೋಕೆ ಬಂದಿದಾವೆ ಕಣೋ, ಅಳೋಕಲ್ಲ, ಅಂದ ಕ್ವಾಮೆನಾ, ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಅಂತ ತಾಯಂದಿರು ನನ್ನ ಮೇಲೆ ಬೀಳ್ತಾರೆ. ಹಾಗಾದ್ರೆ ಆ ಕೋಣೇಲಿದ್ದ ಹೆಂಗಸ್ರು ಯಾತಕ್ಕೆ ಬಂದಿದ್ರು, ಅವ್ರೂ ಈಜೋಕೆ ಬಂದಿದ್ರಾ. ಆ ಮಾತಿಗೆ ಕ್ವಾಮೆನಾ ಹಲಗೆ ಮಡಚಿ ಎದ್ದುಹೋದ, ಸರಿಯಾದ ಮಾತೇ, ಈಗಲೂ ಸರಿಯೇ, ಆದರೆ ಸರಿಯಾದ ಮಾತನ್ನು ಸರಿಯಾದ ಜಾಗದಲ್ಲಿ ಬಿಟ್ಟುಬರಬೇಕಿತ್ತು, ಮಾಮೆಯ ಸಾವಿನ ಮನೆಗೆ ಹೊತ್ತುಕೊಂಡು ಹೋದೆಯಲ್ಲೋ ದಡ್ಡ — ಕಪ್ಪು ಕೆಂಪು ಉಟ್ಟು ಸಾಲಾಗಿ ಕೂತ ಮನೆತನದವರು, ಬಲದಿಂದ ಎಡಕ್ಕೆ ಕೈ ಕುಲುಕುತ್ತ ಬರಬೇಕು, ಮುದುಕಿಯರು, ಸೋದರಮಾವ, ಆಮೇಲೆ ಕ್ವಾಮೆನಾ, ಅತ್ತೂ ಅತ್ತೂ ಊದಿದ ಕಣ್ಣು, ತನ್ನನ್ನು ಕಂಡ ಕೂಡಲೇ ಅರ್ಧ ಎದ್ದು ಬಲಗೈ ಚಾಚಿದ, ಮಣಿಕಟ್ಟಿಗೆ ಕಪ್ಪು ದಾರ, ಅಂಗೈಯಲ್ಲಿ ಬೆವರು, ಆಗ ತಾನು, ಆಗಿನ್ನೂ ಗಟ್ಟಿಮುಟ್ಟಾಗಿದ್ದ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈ ಕೊಟ್ಟೆ. ಎಡಗೈ, ತೊಳೆಯುವ ಕೈ, ತಾಯಿ ಸತ್ತವನಿಗೆ. ಕ್ವಾಮೆನಾನ ಕೈ ಗಾಳಿಯಲ್ಲೇ ನಿಂತಿತು, ಸೋದರಮಾವ ಕೇಳಿದ, ಎಶುನ್, ನಿನ್ನ ಬಲಗೈಗೆ ಏನು ಬಂದಿದೆಯಪ್ಪಾ, ಅದಕ್ಕೂ ನಾಲಿಗೆ ಸುಮ್ಮನಿರಲಿಲ್ಲ, ಅದು ಕೋಟೇಲೇ ಇದೆ ಮಾವಾ, ಎಲ್ಲಾ ಕೋಣೆ ತೋರಿಸ್ತಾ ಇದೆ. ಅದಾಗಿ ಮೂರು ವಾರ, ಸರಿಯಾಗಿ ಮೂರು ವಾರಕ್ಕೆ, ಬೆಳಿಗ್ಗೆ ಹೆಬ್ಬಾಗಿಲ ಬೀಗಕ್ಕೆ ಹಾಕಿದ ಕೀಲಿ ತಿರುಗಲಿಲ್ಲ, ಕೀಲಿ ಕೆಟ್ಟಿದೆ ಅಂದುಕೊಂಡ, ಕೀಲಿ ಸರಿಯಾಗೇ ಇತ್ತು, ಕೈ ಹೋಗಿತ್ತು. ಎಸೆಲ್ಬಾ ತಗೊಂಡು ಹೋದ್ಳು, ಅಂದಿತು ಮೀನುಪೇಟೆ, ಎಡಗೈ ಕೊಟ್ಟೋನಿಗೆ ಎಡಗೈಯೇ ಉಳೀತು, ಡಾಕ್ಟರು ರಕ್ತದೊತ್ತಡ ಏರಿ ಲಕ್ವ ಹೊಡೆದಿದೆ ಅಂದರು, ಹಗಲಲ್ಲಿ ಡಾಕ್ಟರನ್ನು ನಂಬುವುದು, ಊಟದ ಹೊತ್ತಿಗೆ ಮೀನುಪೇಟೆಯನ್ನು. ತಿಂಗಳ ಹಿಂದೆ ಅರಾಬಾಳ ಕೈಲಿ ಜಿನ್ ಬಾಟಲಿ ಕಳಿಸಿದೆ, ತಪ್ಪಾಯ್ತು ಅನ್ನುವ ಬಾಟಲಿ, ಹಿರಿಯರು ಹೇಳಿದ ರೀತಿಯಲ್ಲೇ, ಅದೇ ಸಂಜೆ ತಿರುಗಿ ಬಂತು, ಏನಂದ, ಅರಾಬಾ ಬಟ್ಟೆಯ ಅಂಚು ತಿರುವುತ್ತ, ಬೇಜಾರು ಮಾಡ್ಕೋಬೇಡಿ ಅಣ್ಣಾ, ಅವನು, ತನ್ನ ಕೈಯಾರೆ ತಂದು ಕೊಡ್ಲಿ ಅಂದ. ತನ್ನ ಕೈಯಾರೆ. ಯಾವ ಕೈಯಾರೆ ಕ್ವಾಮೆನಾ, ಅಣಕವೋ ಕರೆಯೋ, ತಿಂಗಳಿಡೀ ಆ ಮಾತನ್ನು ಮಗುಚಿ ಮಗುಚಿ ನೋಡಿದ, ತಳ ಸಿಗಲಿಲ್ಲ.

ಪೀಪಿ ನಿಂತಿದೆ. ಯಾವಾಗ ನಿಂತಿತು, ಹೆಬ್ಬಾಗಿಲ ಆಚೆ ಚಪ್ಪಲಿಗಳ ಚಟಪಟ, ಕೊಳದ ಔಷಧಿಯ ವಾಸನೆ ಮೊದಲು ಒಳಗೆ ಬಂತು, ಆಮೇಲೆ ಒದ್ದೆ ತಲೆಯ ಮಕ್ಕಳು, ಒಬ್ಬಳು ಈಜುವಾಗ ತೊಡುವ ಗಾಳಿ ತುಂಬಿದ ರಬ್ಬರ್ ಬಳೆಯನ್ನು ಸೊಂಟದಿಂದ ತೆಗೆಯದೆ ಬಂದಿದ್ದಾಳೆ, ಬಾಗಿಲಿಗೆ ತಡೆದು ಹಿಂದಕ್ಕೆ ಪುಟಿದಳು, ಎಲ್ಲರೂ ನಕ್ಕರು, ಹಳದಿ ಅಂಗಿಯೂ ನಕ್ಕಿತು, ನಗುತ್ತಲೇ ಬೆಂಚಿನ ಕಡೆ ತಿರುಗಿತು — ಸಣ್ಣಗಾಗಿದ್ದಾನೆ, ಗಡ್ಡ ಬೆಳ್ಳಗಾಗಿದೆ, ಬುರುಜಿನಿಂದ ಇದೆಲ್ಲ ಕಾಣುತ್ತಿರಲಿಲ್ಲ — ನಗು ನಿಂತಿತು. ಓಡು, ಮೆಟ್ಟಿಲು ಇಲ್ಲೇ ಇದೆ, ಏಳಬೇಡ, ಕೂತಿರು, ಎದ್ದು ನಿಲ್ಲು, ನಿಂತ. ಕ್ವಾಮೆನಾ ಬಲದಿಂದ ಶುರುಮಾಡಿದ, ಅರಾಬಾ, ನಿನ್ನ ಗಂಡ ಇನ್ನೂ ಗೊರಕೆ ಹೊಡೀತಾನಾ, ಕೈ ಕುಲುಕಿ ಬಿಡುವಾಗ ಇಬ್ಬರ ನಡುಬೆರಳು ಸೇರಿ ಚಟ್ ಎಂದಿತು, ಗೆಳೆತನದ ಚಿಟಿಕೆ, ಅಟ್ಟಾ ತಾತ, ಎದ್ದೇಳು, ಕೋಟೆ ಕದ್ದುಕೊಂಡು ಹೋದ್ರು, ಚಟ್, ಇನ್ನೊಂದು ಹೆಜ್ಜೆ, ತನ್ನ ಮುಂದೆ. ಬಲಗೈ ಚಾಚಿದ. ಊರಿಗೆಲ್ಲ ಗೊತ್ತಿರುವುದು ಇವನಿಗೂ ಗೊತ್ತು, ಗೊತ್ತಿದ್ದೂ ಚಾಚಿದ್ದಾನೆ, ಎಲ್ಲರ ಮುಂದೆ ನನ್ನನ್ನು ಹೀಗೇ ನಿಲ್ಲಿಸಲಿಕ್ಕೋ, ಅಂಗಳದಲ್ಲಿ ಅವನು ನಿಂತ ಹಾಗೆ, ನಿಲ್ಲಿಸಲಿ, ಅವನಿಗೆ ಹಕ್ಕಿದೆ, ಏಳು, ಕೈಗೆ ಹೇಳಿದ, ಏಳೇ, ಒಂದು ಸಲ, ಮಾಮೆಯ ಹೆಸರಲ್ಲಿ, ಏಳಲಿಲ್ಲ, ಆಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಮಲಗಿದ ಮಗುವನ್ನೆತ್ತುವ ಹಾಗೆ ಎತ್ತಿ, ಅವನ ಅಂಗೈಯಲ್ಲಿ ಇಟ್ಟ, ಎಡಗೈಯನ್ನು ಕೂಡಲೇ ಹಿಂದಕ್ಕೆ ತೆಗೆದ, ಕೈಯಾರೆ, ಕ್ವಾಮೆನಾ, ನನ್ನ ಹತ್ತಿರ ಇರೋದು ಇಷ್ಟೇ ಕಣೋ. ಹೇಳಿದನೋ, ಬರೀ ಅಂದುಕೊಂಡನೋ. ಕ್ವಾಮೆನಾ ಹಿಡಿದ. ಚಿಟಿಕೆಗೆಂದು ಬೆರಳು ಸರಿಸಿದ, ಜಾರಿತು, ಶಬ್ದವಿಲ್ಲ, ಇನ್ನೊಮ್ಮೆ, ಶಬ್ದವಿಲ್ಲ, ರಬ್ಬರ್ ಬಳೆಯವಳು ಕಿಲಕಿಲ ನಕ್ಕಳು, ಅಂಕಲ್, ಫಿರಂಗಿ ಎಲ್ಲಿ, ಇರಮ್ಮಾ, ಅಂದ ಕ್ವಾಮೆನಾ, ತಿರುಗದೆ, ಕೈ ಬಿಡದೆ. ಬಿಟ್ಟಿಲ್ಲ, ಕಣ್ಣಿಗೆ ಕಾಣುತ್ತಿದೆ, ತನ್ನ ಕೈಯ ಸುತ್ತ ಅವನ ಐದೂ ಬೆರಳು, ಉಗುರಿನ ತುದಿ ಬಿಳಿಚಿದೆಯಾ, ಬಿಳಿಚಿದ್ದರೆ ಒತ್ತುತ್ತಿದ್ದಾನೆ, ಒತ್ತಿದರೆ ಕ್ಷಮಿಸಿದ್ದಾನೆ, ಅಥವಾ ನೆರಳೋ, ಬಿಸಿಯಿದೆಯಾ ಅಂಗೈ, ಬೆವರಿದೆಯಾ, ಒತ್ತುತ್ತಿದ್ದೀಯಾ ಅಂತ ಕೇಳುವುದಾದರೂ ಹೇಗೆ, ಬೆರಳುಗಳು, ಅವನ ಬೆರಳುಗಳ ಒಳಗೆ ತನ್ನ ಕೈ, ಒತ್ತುತ್ತಿದ್ದಾನಾ, ಸುಮ್ಮನೆ ಹಿಡಿದಿದ್ದಾನಾ, ಕೈ, ಅವನ ಕೈಯೊಳಗೆ ಕೈ, ಏನೂ ಗೊತ್ತಾಗುತ್ತಿಲ್ಲ